ನೆರಳಲ್ಲಿ ಒಣಗಿದ ನುಗ್ಗೆಸೊಪ್ಪು

ಹೊಸಕೋಟೆಯ ಮೆಡಿಕಲ್ ಸ್ಟೋರಿನ ಗಾಜಿನ ಕಪಾಟಿನಲ್ಲಿ ಈಗ ನುಗ್ಗೆಸೊಪ್ಪಿಗೂ ಒಳ್ಳೆಯ ಜಾಗ ಸಿಕ್ಕಿದೆ. ಹಸಿರು ಮುಚ್ಚಳದ ಡಬ್ಬಿ, ಮೇಲೆ ಎಲೆಯ ಚಿತ್ರ, ಒಳಗೆ ಕ್ಯಾಪ್ಸೂಲಿನಲ್ಲಿ ತುಂಬಿದ ಪುಡಿ. ರಕ್ತಕ್ಕೆ, ಮೂಳೆಗೆ, ಕೂದಲಿಗೆ, ಸುಸ್ತಿಗೆ, ಎಲ್ಲಕ್ಕೂ ಅದೇ ಮದ್ದಂತೆ. ಪೂರ್ತಿ ನೈಸರ್ಗಿಕ, ಅಡ್ಡ ಪರಿಣಾಮ ಇಲ್ಲವೇ ಇಲ್ಲ ಎಂದು ಕೆಳಗೆ ಬರೆದಿರುತ್ತಾರೆ. ಆ ಕೊನೆಯ ಮಾತು ಓದಿದಾಗಲೆಲ್ಲ ಡಬ್ಬಿಯನ್ನು ಎತ್ತಿ ರಸ್ತೆಗೆ ಬಿಸಾಡಬೇಕು ಅನ್ನಿಸುತ್ತದೆ. ಬಿಸಾಡುವುದಿಲ್ಲ. ಅತ್ತೆಯ ಬಿಪಿ ಮಾತ್ರೆ ತೆಗೆದುಕೊಂಡು ಸುಮ್ಮನೆ ಮನೆಗೆ ಬರುತ್ತೇನೆ.

ನಾನೇನು ಸೊಪ್ಪಿನ ವೈರಿಯಲ್ಲ. ಸೊಪ್ಪು ತಿಂದೇ ಬೆಳೆದವಳು. ನನ್ನ ತವರು ತೂಬಗೆರೆ ಕಡೆಯ ಒಂದು ಹಳ್ಳಿ. ಮಳೆ ಬಿದ್ದು ರಾಗಿ ಹೊಲದಲ್ಲಿ ಕಳೆ ಎದ್ದರೆ ಉಳಿದವರಿಗೆ ಅದು ಕಳೆ, ನಮ್ಮಮ್ಮನಿಗೆ ಸಾರು. ಅಣ್ಣೆಸೊಪ್ಪು, ಹೊನಗೊನ್ನೆ, ಗಣಿಕೆ, ಹೆಸರೇ ಗೊತ್ತಿಲ್ಲದ ಇನ್ನೂ ಏನೇನೋ ಮಡಿಲಿಗೆ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅಂತ ಯಾರಾದರೂ ಅಂದರೆ ಅವಳಿಗೆ ಉರಿದುಹೋಗುತ್ತಿತ್ತು. "ಅಂದವನು ಹಿತ್ತಲಿಗೇ ಹೋಗಿಲ್ಲ ಬಿಡು" ಅನ್ನುತ್ತಿದ್ದಳು.

ಎಲ್ಲ ಸೊಪ್ಪಿಗಿಂತ ನುಗ್ಗೆಯ ಮೇಲೆ ಅವಳಿಗೆ ಹೆಚ್ಚು ನಂಬಿಕೆ. ಹೆಣ್ಣುಮಕ್ಕಳು ಯಾರೇ ಮನೆಗೆ ಬರಲಿ, ಮೊದಲು ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವಳು. ಒಳಗೆ ಬಿಳಿಚಿಕೊಂಡಿದ್ದರೆ ಸರಿ, ಅವತ್ತೇ ನುಗ್ಗೆ ಪುಡಿ ಶುರು. ಎಳೆ ಸೊಪ್ಪನ್ನು ಬೆಳಗ್ಗೆಯೇ ಕೀಳಬೇಕು, ತೊಳೆದು ಹಳೆಯ ಕಾಟನ್ ಸೀರೆಯ ಮೇಲೆ ನಡುಮನೆಯಲ್ಲಿ ಹರವಬೇಕು. ಬಿಸಿಲು ಸೋಕಬಾರದು. ಬಿಸಿಲಿಗೆ ಹಾಕಿದರೆ ಸೊಪ್ಪಿನ ಜೀವ ಹೋಗುತ್ತದೆ, ನೆರಳಲ್ಲಿ ಒಣಗಿದರೆ ಒಳಗೇ ನಿಲ್ಲುತ್ತದೆ ಎನ್ನುವುದು ಅವಳ ಲೆಕ್ಕ. ಗರಿಗರಿಯಾದ ಮೇಲೆ ಪುಡಿ ಮಾಡಿ, ತೆಳ್ಳನೆ ಬಟ್ಟೆಯಲ್ಲಿ ಜರಡಿ ಹಿಡಿದು, ಹಾರ್ಲಿಕ್ಸಿನ ಹಳೆಯ ಬಾಟಲಿಗೆ ತುಂಬುವಳು. ದೊಡ್ಡ ಬುಟ್ಟಿಯ ಸೊಪ್ಪು ಒಂದು ಬಟ್ಟಲು ಪುಡಿಯಾಗುತ್ತಿತ್ತು. ಅದನ್ನು ರಾಗಿ ಗಂಜಿಗೆ ಕಲಸಿ ಕೊಡುವಳು. ನನ್ನ ಮೊದಲ ಬಸಿರಿನಲ್ಲಿ ರಕ್ತ ಕಡಿಮೆ ಎಂದು ಆಸ್ಪತ್ರೆಯವರು ಕಬ್ಬಿಣದ ಮಾತ್ರೆ ಕೊಟ್ಟರು, ಅಮ್ಮ ಪುಡಿ ಕೊಟ್ಟಳು. ಎರಡನ್ನೂ ತಿಂದೆ, ರಕ್ತ ಏರಿತು. ಹೆಸರು ಮಾತ್ರ ಪೂರ್ತಿ ಪುಡಿಗೇ ಹೋಯಿತು.

ನನಗೊಬ್ಬಳು ತಂಗಿ. ಚಿಕ್ಕವಳಿದ್ದಾಗ ಅವಳಿಗೆ ಜ್ವರ ಬಂದು ಮಂಡಿ, ಕೀಲು ಎಲ್ಲ ಊದಿಕೊಂಡಿದ್ದವು. ಬೆಳೆಯೋ ಹುಡುಗಿ, ವಾಯು ನೋವಿರಬೇಕು ಎಂದು ಎಲ್ಲರೂ ಅಂದರು, ಜ್ವರ ಬಿಟ್ಟಿತು, ನಾವೂ ಮರೆತೆವು. ಆ ಜ್ವರ ಅವಳ ಹೃದಯದೊಳಗೆ ಹೋಗಿ ಕೂತಿದ್ದು ಗೊತ್ತಾದದ್ದು ಅವಳು ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಸೇರಿ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿ ಕುಸಿದು ಬಿದ್ದ ಮೇಲೆ. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಕೆಟ್ಟಿದ್ದ ವಾಲ್ವ್ ತೆಗೆದು ಲೋಹದ್ದೊಂದು ಕೂಡಿಸಿದರು.

ಆ ವಾಲ್ವ್ ಸದ್ದು ಮಾಡುತ್ತಿತ್ತು. ಟಿಕ್, ಟಿಕ್ ಎಂದು, ಪಕ್ಕದಲ್ಲಿ ಕೂತರೆ ಕೇಳಿಸುತ್ತಿತ್ತು. "ಅಕ್ಕ, ನನ್ನ ಎದೇಲಿ ವಾಚ್ ಕಟ್ಟವ್ರೆ ಕಣೇ, ಇನ್ಮೇಲೆ ಡ್ಯೂಟಿಗೆ ಲೇಟಾಗಲ್ಲ" ಎಂದು ನಗುವಳು. ಅಮ್ಮನಿಗೆ ಮೊದಮೊದಲು ಭಯ. ಆಮೇಲೆ ಅದೇ ಸದ್ದು ಅವಳಿಗೆ ಧೈರ್ಯವಾಯಿತು. ಮಧ್ಯಾಹ್ನ ತಂಗಿ ಮಲಗಿದ್ದರೆ ಅವರೆಕಾಯಿ ಸುಲಿಯುವ ನೆಪದಲ್ಲಿ ಅವಳ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಲೋಹದ ವಾಲ್ವಿನ ಸುತ್ತ ರಕ್ತ ಗಡ್ಡೆ ಕಟ್ಟಬಾರದು, ಅದಕ್ಕೆ ಜೀವಮಾನವೆಲ್ಲ ಒಂದು ಮಾತ್ರೆ ತಿನ್ನಬೇಕು ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರು. ಆ ಮಾತ್ರೆಗೂ ಹಸಿರು ಸೊಪ್ಪಿಗೂ ಆಗಿಬರುವುದಿಲ್ಲ. ಸೊಪ್ಪು ಹೆಚ್ಚಾದರೆ ಮಾತ್ರೆಯ ಕೆಲಸ ಕಡಿಮೆಯಾಗುತ್ತದೆ. ಪೂರ್ತಿ ಬಿಡಬೇಕಿಲ್ಲ, ಒಂದೇ ಸಮ ತಿನ್ನಲಿ, ತಿಂಗಳು ತಿಂಗಳು ರಕ್ತ ಪರೀಕ್ಷೆ ಮಾಡಿಸಲಿ, ಹೊಸದಾಗಿ ಏನು ಶುರು ಮಾಡಿದರೂ ನಮಗೆ ಹೇಳಿ ಎಂದರು. ಅಮ್ಮ ಕೈಮುಗಿದು ಎಲ್ಲ ಕೇಳಿಸಿಕೊಂಡಳು.

ನಮ್ಮ ಕಡೆ ಪಥ್ಯ ಅಂದರೆ ಪಥ್ಯ. ಅದರಲ್ಲಿ ಸ್ವಲ್ಪ, ಒಂದೇ ಸಮ ಅನ್ನುವುದೆಲ್ಲ ಇಲ್ಲ. ಕಾಮಾಲೆಗೆ ಮದ್ದು ಕೊಟ್ಟವನು ಎಣ್ಣೆ ಬೇಡ ಅಂದರೆ ಒಗ್ಗರಣೆ ಸೌಟನ್ನೂ ಅಟ್ಟಕ್ಕೆ ಹಾಕುವ ಜನ ನಾವು. ಅಮ್ಮ ಮನೆಯಿಂದ ಸೊಪ್ಪನ್ನೇ ಓಡಿಸಿದಳು. ಸಾರಿಗೆ ಕೊತ್ತಂಬರಿ ಇಲ್ಲ, ಒಗ್ಗರಣೆಗೆ ಕರಿಬೇವಿಲ್ಲ. ತಾನೂ ಬಿಟ್ಟಳು. "ನನ್ನ ಮಗಳು ತಿನ್ನದ ಸೊಪ್ಪು ನಂಗ್ಯಾಕೆ?" ಎಂದಳು. ಹೊಲದಲ್ಲಿ ಅಣ್ಣೆಸೊಪ್ಪು ಮಂಡಿಯುದ್ದ ಬೆಳೆದು ನಿಂತಿದ್ದರೂ ಬಗ್ಗಿ ಮುಟ್ಟಲಿಲ್ಲ. ಕಾಯಿಲೆಯವರನ್ನು ನೋಡಲು ಬಂದವರು ಒಂದು ಕಟ್ಟು ಸೊಪ್ಪು ತಂದರೆ ಬಾಗಿಲಲ್ಲೇ ತೆಗೆದುಕೊಂಡು ಹಸುವಿಗೆ ಹಾಕುತ್ತಿದ್ದಳು. ಅದನ್ನು ಕಂಡು ನಾನೂ ತಂಗಿಯೂ ನಗುತ್ತಿದ್ದೆವು. ತಂಗಿ ಮತ್ತೆ ಕೆಲಸಕ್ಕೆ ಹೋಗತೊಡಗಿದಳು, ಕೆನ್ನೆ ತುಂಬಿಕೊಂಡವು. ಅಮ್ಮನ ಶಿಸ್ತಿನಿಂದಲೇ ಅವಳು ಉಳಿದಳು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಕಳೆದ ವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ಅವಳ ಮೈಮೇಲೆ ಕಪ್ಪು ಕಲೆಗಳು ಕಾಣಿಸಿದವು. ಮಶೀನಿಗೆ ತೋಳು ತಗುಲಿದರೂ ಸಾಕು, ಹಸಿರುಗಟ್ಟುತ್ತಿತ್ತು. ಮುಟ್ಟಿನ ದಿನಗಳಲ್ಲಿ ರಕ್ತ ಸಿಕ್ಕಾಪಟ್ಟೆ ಹೋಗುತ್ತಿತ್ತು. ಈ ಮಾತ್ರೆ ತಿನ್ನುವವರಿಗೆ ಅದೆಲ್ಲ ಆಗುತ್ತದಂತೆ, ಹೋಗಿ ಹೇಳಿದ್ದರೆ ಮಾತ್ರೆಯ ಅಳತೆ ಸರಿಮಾಡುತ್ತಿದ್ದರು. ತಂಗಿಗೆ ಅದನ್ನು ಹೇಳಿಕೊಳ್ಳಲು ನಾಚಿಕೆ. ಅಮ್ಮನಿಗೆ ಗೊತ್ತಿತ್ತು, ಬಟ್ಟೆ ಒಗೆಯುವವಳು ಅವಳೇ ಅಲ್ಲವೆ, ಅವಳು ಹೇಳಿ ನನಗೂ ಗೊತ್ತಾಯಿತು.

ಆಮೇಲೊಂದು ದಿನ ಅಮ್ಮ ಸಂಭ್ರಮದಿಂದ ಫೋನ್ ಮಾಡಿದಳು. "ಅವಳ ಮೈಮ್ಯಾಲಿನ ಕಲೆ ಎಲ್ಲಾ ಹೋಗ್ಬಿಟ್ಟವೆ ಕಣಮ್ಮ. ಅದೂ ಹದಕ್ಕೆ ಬಂದೈತೆ. ಕಣ್ಣು ನೋಡ್ದೆ, ಒಳ್ಗೆ ಕೆಂಪಗೈತೆ." ನನಗೂ ಖುಷಿಯಾಯಿತು. ಬಟ್ಟೆ ಒಣಗಿಸುತ್ತಿದ್ದವಳು ಅಲ್ಲೇ ನಿಂತು ಘಾಟಿ ಸುಬ್ರಹ್ಮಣ್ಯನಿಗೆ ಕೈಮುಗಿದೆ. ಆ ತಿಂಗಳ ಪರೀಕ್ಷೆಗೆ ತಂಗಿಗೆ ರಜೆ ಸಿಕ್ಕಿರಲಿಲ್ಲ, ಮುಂದಿನ ವಾರ ಹೋಗುತ್ತೇನೆ ಎಂದಿದ್ದಳು. ಮೈ ಚೆನ್ನಾಗಿರುವಾಗ ಒಂದು ವಾರದಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಅನ್ನಿಸಿತ್ತು.

ಆ ವಾರದಲ್ಲೇ ಆಯಿತು. ಬೆಳಗ್ಗೆ ಗಾರ್ಮೆಂಟ್ಸಿನ ಬಸ್ಸಿಗೆ ಹೊರಟು ತಲೆ ಬಾಚಿಕೊಳ್ಳುತ್ತಿದ್ದವಳ ಕೈಯಿಂದ ಬಾಚಣಿಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಮತ್ತೆ ಏಳಲಿಲ್ಲ. ಮಾತು ತೊದಲಿತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ನಾನು ಹೊಸಕೋಟೆಯಿಂದ ಬೆಂಗಳೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳಿಗೆ ಜ್ಞಾನವಿರಲಿಲ್ಲ. ವಾಲ್ವಿನಲ್ಲಿ ರಕ್ತ ಗಡ್ಡೆ ಕಟ್ಟಿ, ಅದರ ಚೂರು ಮೆದುಳಿಗೆ ಹೋಗಿತ್ತು.

ಡಾಕ್ಟರಮ್ಮ ಕಾರಿಡಾರಿನಲ್ಲಿ ನಮ್ಮನ್ನು ನಿಲ್ಲಿಸಿ ಕೇಳಿದರು. ಮಾತ್ರೆ ಬಿಟ್ಟಿದ್ದಳೆ? ಇಲ್ಲ, ಅಮ್ಮನೇ ಕೈಯಾರೆ ಕೊಡುತ್ತಿದ್ದಳು. 

"ಸೊಪ್ಪು ಏನಾದ್ರೂ ಜಾಸ್ತಿ ತಿಂದ್ಳಾಮ್ಮಾ?"

"ಒಂದು ಎಲೇನೂ ಮುಟ್ಟಿಸಿಲ್ಲ ಕಣ್ರವ್ವ, ನಿಮ್ಮಾಣೆ" ಎಂದಳು ಅಮ್ಮ.

"ನಾಟಿ ಔಷಧಿ, ಕಷಾಯ?"

"ಅಯ್ಯೋ, ಇಲ್ಲ. ನೀವ್ ಹೇಳಿದ್ ಮ್ಯಾಲೆ ಯಾರ್ ಮದ್ದೂ ಕೊಟ್ಟಿಲ್ಲ."

ಅಮ್ಮ ಸುಳ್ಳು ಹೇಳುವವಳಲ್ಲ. ನಾನೂ ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ಇಷ್ಟು ಪಥ್ಯ ಮಾಡಿದ ಮನೆ ಇನ್ನೊಂದಿಲ್ಲ ಎಂದು ನಾನೇ ಡಾಕ್ಟರಮ್ಮನಿಗೆ ಹೇಳಿದೆ.

ಐಸಿಯುನಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಬಿಡುತ್ತಿದ್ದರು. ಒಳಗಿನ ಮಶೀನುಗಳ ಗದ್ದಲದಲ್ಲಿ ಅವಳ ಎದೆಯ ಸದ್ದು ಕೇಳುತ್ತಿರಲಿಲ್ಲ, ಅದೊಂದೇ ಅಮ್ಮನ ಗೋಳು. ಒಳಗೆ ಹೋದಾಗ ಹೆಬ್ಬೆರಳಿನಿಂದ ಮಗಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಬಂದಳು. "ರಕ್ತ ಚೆನ್ನಾಗೈತೆ, ಕೆಂಪಗೈತೆ. ಉಳ್ಕೊತಾಳೆ" ಎಂದಳು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ತಂಗಿ ಉಳಿಯಲಿಲ್ಲ. ನನಗಿಂತ ಚಿಕ್ಕವಳು, ನಾನು ಸೊಂಟದ ಮೇಲೆ ಎತ್ತಿ ಆಡಿಸಿದವಳು, ನನ್ನ ಕಣ್ಣೆದುರೇ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ಈಗಲೂ ಯಾರದಾದರೂ ಗಡಿಯಾರ ಟಿಕ್ ಎಂದರೆ ತಿರುಗಿ ನೋಡುತ್ತೇನೆ.

ತಿಥಿ ಮುಗಿಸಿಕೊಂಡು ನೆಂಟರೆಲ್ಲ ಹೋದ ಮೇಲೆ ನಾನು ಅಡುಗೆಮನೆ ಎತ್ತಿಡುತ್ತಿದ್ದೆ. ರಾಗಿ ಹಿಟ್ಟಿನ ಡಬ್ಬಿಯ ಹಿಂದೆ ಹಾರ್ಲಿಕ್ಸಿನ ಬಾಟಲಿ ಸಿಕ್ಕಿತು. ಅರ್ಧಕ್ಕಿಂತ ಕೆಳಗೆ ಹಸಿರು ಪುಡಿ.

"ಇದು ಯಾರ್ಗೆ ಮಾಡಿದ್ದಮ್ಮ?" ಎಂದೆ.

"ಅವಳ್ಗೇ. ಮೈಯೆಲ್ಲ ಕಲೆ ಆಗಿತ್ತಲ್ಲ, ಆವಾಗ್ಲಿಂದ. ಬೆಳಿಗ್ಗೆ ಗಂಜಿಗೆ ಹಾಕ್ ಕೊಡ್ತಿದ್ದೆ." ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಬಾಟಲಿಯನ್ನೇ ನೋಡುತ್ತ ಅಂದಳು, "ಒಂದು ಚಮಚ ಸಾಕು ಅಂದ್ಕೊಂಬಿಟ್ಟೆ ಕಣಮ್ಮ. ಎರಡು ಹಾಕ್ಬೇಕಿತ್ತು. ಎರಡು ಹಾಕಿದ್ರೆ ಉಳ್ಕೊತಿದ್ಳು."

ನನ್ನ ಕೈಯಲ್ಲಿ ಬಾಟಲಿ ಹಾಗೇ ಇತ್ತು. ಅಮ್ಮ ಡಾಕ್ಟರಮ್ಮನಿಗೆ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಸೊಪ್ಪು ಅಂದರೆ ಅವಳಿಗೆ ಹಸಿಯಾಗಿ ಕಿತ್ತು ತಂದು ಬೇಯಿಸುವುದು. ಮದ್ದು ಅಂದರೆ ಬೇರೆ ಯಾರೋ ಅರೆದು ಕೊಡುವುದು. ಇದು ಎರಡೂ ಅಲ್ಲ, ರಾಗಿ ಹಿಟ್ಟಿನ ಜೊತೆ ಇರುವ ಇನ್ನೊಂದು ಹಿಟ್ಟು. ಕೊತ್ತಂಬರಿಯ ಒಂದು ಎಸಳನ್ನೂ ಸಾರಿಗೆ ಹಾಕದಿದ್ದವಳು ದಿನ ಬೆಳಗಾದರೆ ಅಷ್ಟೊಂದು ಸೊಪ್ಪನ್ನು ಚಮಚದಲ್ಲಿ ತುಂಬಿ ಮಗಳಿಗೆ ಕುಡಿಸಿದ್ದಳು. ಕಲೆ ಹೋದದ್ದಕ್ಕೆ ನಾನು ದೇವರಿಗೆ ಕೈಮುಗಿದಿದ್ದೆ. ಮಾತ್ರೆ ಸೋಲುತ್ತಿದ್ದ ಗುರುತು ಅದು.

ಬಾಟಲಿಯನ್ನು ಇದ್ದಲ್ಲೇ ಇಟ್ಟು ಹಿತ್ತಲಿಗೆ ಹೋದೆ. ನುಗ್ಗೆ ಮರದ ಕೆಳಗೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಆಮೇಲೆ ಆಸ್ಪತ್ರೆಯ ಕಾಗದ ತರಲು ಹೋದಾಗ ಡಾಕ್ಟರಮ್ಮನಿಗೆ ಹೇಳಿದೆ. "ಅದರಿಂದ್ಲೇ ಆಯ್ತು ಅಂತ ಖಂಡಿತ ಹೇಳೋಕಾಗಲ್ಲ. ಆದ್ರೆ ಆಗಿರಬಹುದು. ಪುಡಿ ಒಳ್ಳೇದೇ, ಈ ಮಾತ್ರೆ ಜೊತೆಗೆ ಅಲ್ಲ ಅಷ್ಟೆ" ಎಂದರು. "ಅಮ್ಮನಿಗೆ ಹೇಳಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ. ಹೇಳಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನೆಂಟರಲ್ಲೊಬ್ಬರಿಗೆ ಬಾಯಿತಪ್ಪಿ ಹೇಳಿಬಿಟ್ಟಿದ್ದೆ, ಅವರು ಅತಿಯಾದರೆ ಅಮೃತವೂ ವಿಷ ಎಂದು ಗಾದೆ ಒಪ್ಪಿಸಿದರು. ಅವರ ಮುಖ ನೋಡುವುದನ್ನು ಬಿಟ್ಟಿದ್ದೇನೆ. ಎಲ್ಲಿತ್ತು ಅತಿ? ಒಂದು ಚಮಚ. ಅದೂ ಹೆತ್ತವಳು ಕೈಯಾರೆ ಕಲಸಿದ್ದು.

ಅಮ್ಮನಿಗೆ ಹೇಳಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಆದರೆ ಪುಡಿ ಅಲ್ಲಿಗೇ ನಿಲ್ಲಲಿಲ್ಲ. ಈ ಸಲ ಯುಗಾದಿಗೆ ಹೋದಾಗ ನಡುಮನೆಯಲ್ಲಿ ಮತ್ತೆ ಸೀರೆ ಹರವಿತ್ತು, ಮೇಲೆ ನುಗ್ಗೆಸೊಪ್ಪು. ಸೀರೆ ತಂಗಿಯದು. ಪಕ್ಕದ ಮನೆಯ ಯಜಮಾನರಿಗೆ ಎದೆಗೆ ಸ್ಟೆಂಟ್ ಹಾಕಿದ್ದಾರೆ, ಸುಸ್ತು ಅಂತಾರೆ, ಅವರಿಗೆ ಒಂದಿಷ್ಟು ಕೊಡೋಣ ಎಂದಳು. ಅವರ ಮಾತ್ರೆ ಯಾವುದೋ ನನಗೇನು ಗೊತ್ತು?

"ಅಮ್ಮ, ಮಾತ್ರೆ ತಿನ್ನೋರಿಗೆ ಪುಡಿ ಕೊಡ್ಬೇಡ. ಮೊದ್ಲು ಅವ್ರ ಡಾಕ್ಟ್ರನ್ನ ಕೇಳ್ಲಿ."

"ಯಾಕೆ?"

"ಹಂಗೇ. ಈಗ ಎಲ್ಲಾ ಕಡೆ ಹಂಗೇ ಹೇಳ್ತಾರೆ."

ಅಮ್ಮ ಸೊಪ್ಪು ತಿರುವಿ ಹಾಕುತ್ತಿದ್ದ ಕೈ ನಿಲ್ಲಿಸಿದಳು. ಅವಳಿಗೆ ವಯಸ್ಸಾಗಿದೆ, ಬುದ್ಧಿಗೆ ವಯಸ್ಸಾಗಿಲ್ಲ. "ಅವಳೂ ಮಾತ್ರೆ ತಿಂತಿದ್ಳಲ್ಲ" ಎಂದು ನಿಧಾನಕ್ಕೆ ಅಂದಳು.

"ಅದು ಬೇರೆ ಮಾತ್ರೆ. ಅದಕ್ಕೇನಾಗಲ್ಲ" ಎಂದೆ.

ನನ್ನ ಮುಖವನ್ನೇ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ, ತಪ್ಪಿಸಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. "ನಂಗೂ ಸುಸ್ತು ಕಣಮ್ಮ. ಒಂದು ಲೋಟ ಗಂಜಿ ಮಾಡ್ಕೊಡು, ಪುಡಿ ಹಾಕು" ಎಂದೆ.

ಅಮ್ಮ ಎದ್ದಳು. ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ತುಂಬಾ ಬಿಳಿಚಿಕೊಂಡೈತೆ ಎಂದಳು. ಒಲೆ ಹಚ್ಚಿದಳು. ಈ ಸಲ ಎರಡು ಚಮಚ ಹಾಕಿದಳು. ನಾನು ನಿಂತುಕೊಂಡೇ ಕುಡಿದೆ. ಬಿಸಿಗೆ ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಒಂದು ನೆಪವಾಯಿತು. ಲೋಟ ಕೆಳಗಿಡಲು ಹೋದರೆ ಅಮ್ಮ ಅದನ್ನು ಬಗ್ಗಿಸಿ ನೋಡಿದಳು.

"ತಳದಲ್ಲಿ ನಿಂತೈತೆ ನೋಡು, ಅದ್ರಲ್ಲೇ ಇರೋದು ಎಲ್ಲಾ. ಬೆರಳಲ್ಲಿ ಬಳ್ಕೊಂಡು ತಿನ್ನು. ಅವಳ್ಗೂ ಹಂಗೇ ತಿನ್ನಿಸ್ತಿದ್ದೆ" ಎಂದಳು.

ಬಳಿದುಕೊಂಡು ತಿಂದೆ.