ಮೂಸಿದ ಸೇವಂತಿಗೆ

ಅಫಜಲಪುರದ ಉದ್ಯಾನದಲ್ಲಿ ದ್ರೌಪದಿ ಹನ್ನೊಂದು ವರ್ಷದಿಂದ ಮಾಲಿ. ಮಳೆಗಾಲದಲ್ಲಿ ಸೇವಂತಿಗೆ ಸಸಿ ನೆಡುವವಳು, ಕುಡಿ ಚಿವುಟುವವಳು, ಗೊಬ್ಬರ ಹಾಕುವವಳು ಅವಳೇ. ಆದರೂ ತಾನು ನೆಟ್ಟ ಮಡಿ ತುಂಬ ಹೂವಿದ್ದದ್ದನ್ನು ಬಿಸಿಲಿನಲ್ಲಿ ಒಮ್ಮೆಯೂ ನೋಡಿದವಳಲ್ಲ. ಕಾರ್ತಿಕದಲ್ಲಿ ಅರಳುವುದೇ ತಡ, ಬೆಳಗಿನ ವಾಕಿಂಗಿಗೆ ಬರುವ ಹೆಂಗಸರು ಪ್ಲಾಸ್ಟಿಕ್ ಚೀಲ ಬಿಚ್ಚುತ್ತಿದ್ದರು. ಅವರ ಮುಂದಾಳು ಸರಸ್ವತಿಬಾಯಿ, ನಿವೃತ್ತ ವಿಜ್ಞಾನ ಶಿಕ್ಷಕಿ.

"ದೇವರಿಗೆ ಬೇ, ನಾನೇನು ಪಲ್ಯ ಮಾಡ್ತೇನಿ?" ಎನ್ನುತ್ತಿದ್ದರು.

ಈ ವರ್ಷ ಒಮ್ಮೆಯಾದರೂ ಅರಳಿ ತುಂಬಿದ ಮಡಿಯನ್ನು ಕಣ್ಣಾರೆ ನೋಡಲೇಬೇಕೆಂದು ದ್ರೌಪದಿ ಹಟ ಹಿಡಿದಳು. ಮೂಸಿದ ಹೂ ದೇವರಿಗೆ ಏರಿಸುವಂತಿಲ್ಲ. ಅದು ಎಲ್ಲರಿಗೂ ಗೊತ್ತು. ಕೇಳದೆ ಕಿತ್ತುಕೊಂಡ ಹೂವಿನ ಬಗ್ಗೆ ಅಂಥ ಕಟ್ಟುನಿಟ್ಟಿರಲಿಲ್ಲ. ಬೆಳಗಾಗುತ್ತಲೇ ಅವಳು ಕೈ ಹಿಂದೆ ಕಟ್ಟಿಕೊಂಡು, ಸೊಂಟ ಬಗ್ಗಿಸಿ, ಒಂದೊಂದು ಹೂವಿಗೂ ಮೂಗು ತಾಗಿಸಿ, ಗೇಟಿನವರೆಗೂ ಕೇಳುವಂತೆ ಉಸಿರೆಳೆಯತೊಡಗಿದಳು.

"ಇದನ್ನ ಮೂಸಿಲ್ಲ ನೀ," ಎಂದು ಸರಸ್ವತಿಬಾಯಿ ಒಂದನ್ನು ತೋರಿಸಿದರು. "ನಿನ್ನೆ ಮೊಗ್ಗಿತ್ತು."

"ಮೊಗ್ಗಿದ್ದಾಗೇ ಮೂಸೀನ್ರಿ ಬಾಯಿ."

ನಾಲ್ಕು ದಿನ ಚೀಲಗಳು ಖಾಲಿಯೇ ಮರಳಿದವು. ಐದನೆಯ ದಿನ ದ್ರೌಪದಿಗೆ ಸೀನೋ ಸೀನು. ಮೂಗು ಪೂರ್ತಿ ಕಟ್ಟಿತು. ಆದರೂ ಬಗ್ಗಿ ಬಗ್ಗಿ ಮೂಸಿದಳು.

ಸರಸ್ವತಿಬಾಯಿ ಇದಕ್ಕೇ ಕಾದಿದ್ದವರಂತೆ ಬಂದರು. "ಮೂಗು ಕಟ್ಟೇದ. ವಾಸನಿ ಒಳಗ ಹೋಗಿಲ್ಲ. ಅಂದ್ರ ಮೂಸಿದಂಗಲ್ಲ," ಎಂದು ಸರಸರನೆ ಅರ್ಧ ಚೀಲ ಕಿತ್ತರು.

ಆದರೆ ಅವರ ಜೊತೆ ವಾಕಿಂಗಿಗೆ ಬಂದಿದ್ದ ಶಿವಕಾಂತಾ ಕೈ ಹಚ್ಚಲು ಹೆದರಿದಳು. "ಅಮಾಸಿಗೆ ಘತ್ತರಗಿ ಗುಡಿಗೆ ಒಯ್ಯೋ ಹೂವ್ರಿ ಇವು. ಭಾಗ್ಯವಂತಿ ದೇವಿ ಮುಂದ ಅನುಮಾನದ್ದು ಇಡಬಾರದ್ರಿ."

"ಅನುಮಾನ ಯಾಕ? ಪ್ರಯೋಗ ಮಾಡಿ ತೋರಿಸ್ತೇನಿ. ಮೂಸಿದ್ರ ವಾಸನಿ ಕಡಿಮಿ ಆಗಬೇಕಲ್ಲ?" ಎಂದವರೇ ಸರಸ್ವತಿಬಾಯಿ ಚೀಲದೊಳಗೆ ಮುಖವಿಟ್ಟು ದೀರ್ಘವಾಗಿ ಉಸಿರೆಳೆದರು. ಮುಖ ಎತ್ತಿದಾಗ ಮೂಗಿನ ತುದಿಗೆ ಒಂದು ಹಳದಿ ಎಸಳು ಅಂಟಿತ್ತು. "ನೋಡ್ರಿ, ಘಮ್ ಅನ್ನಾಕತ್ತದ. ಒಂಚೂರೂ ಕಡಿಮಿ ಆಗಿಲ್ಲ."

"ಬಾಯಾರ," ಶಿವಕಾಂತಾ ಮೆಲ್ಲಗೆ ಹೇಳಿದಳು, "ಈಗ ನೀವ್ ಮೂಸಿದ್ರಿ."

ಮೂವತ್ತು ವರ್ಷ ಪಾಠ ಹೇಳಿದವರು ತಮ್ಮ ಪ್ರಯೋಗದ ಫಲಿತಾಂಶವನ್ನು ಅಲ್ಲಗಳೆಯುವಂತಿರಲಿಲ್ಲ. ಚೀಲವನ್ನು ದ್ರೌಪದಿಯ ಕೈಗಿಟ್ಟು, ಪೇಟೆಯಿಂದ ಹೂ ಕೊಳ್ಳಲು ನಡೆದರು. ಉಳಿದವರು ಹಿಂದೆ ಹೋದರು. ಮರುದಿನ ಯಾರೂ ಚೀಲ ತರಲಿಲ್ಲ.

ಆ ವಾರದ ಕೊನೆಗೆ ಉಳಿದ ಮೊಗ್ಗೂ ಒಡೆದು, ಮಡಿ ಅಂಚಿನಿಂದ ಅಂಚಿನವರೆಗೆ ತುಂಬಿತು. ಹಳದಿ, ಬಿಳಿ, ಮಧ್ಯೆ ಇಟ್ಟಿಗೆ ಕೆಂಪು. ಹತ್ತು ಗಂಟೆಯ ಬಿಸಿಲಿಗೆ ದ್ರೌಪದಿ ಕಟ್ಟೆಯ ಮೇಲೆ ಕುಳಿತಿದ್ದಳು. ಮೇಲ್ವಿಚಾರಕ ಅನೀಲಕುಮಾರ ಬಂದು, ನೀರಿನ ಪೈಪು ನೆಲದ ಮೇಲೆ ಸುಮ್ಮನೆ ಹರಿಯುವುದನ್ನು ಕಂಡ.

"ಏನ್ ಮಾಡಾಕತ್ತಿ ಬೇ?"

"ನೋಡಾಕತ್ತೇನ್ರಿ," ಎಂದಳು ಅವಳು. ಏಳಲಿಲ್ಲ.