ಖಾಲಿ ಹೊಟ್ಟೆಯ ರಕ್ತದಾನಿಗಳು

ಕಳೆದ ಶನಿವಾರ ಬೆಳಿಗ್ಗೆ ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ನರ್ಸ್ ನಮ್ಮ ಕಡೆಯ ನಾಲ್ವರನ್ನೂ ಒಟ್ಟಿಗೇ ಫೇಲ್ ಮಾಡಿದಳು. ಕಾರಣ? ತಿಂಡಿ ತಿಂದಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನನಗೆ ರಕ್ತದ ಕ್ಯಾನ್ಸರ್. ಲುಕೇಮಿಯಾ ಎನ್ನುತ್ತಾರೆ. ನನ್ನ ಡಾಕ್ಟರು ನಮ್ಮೂರಿನವರ ಹಾಗೆ ಹೆಂಡತಿಯನ್ನು ಹೊರಗೆ ಕರೆದು ಪಿಸುಗುಟ್ಟಲಿಲ್ಲ. ನನ್ನ ಮುಖಕ್ಕೇ ಹೇಳಿದರು. (ಒಳ್ಳೆಯದೇ ಆಯಿತು. ಮಾಲು ಏನೆಂದು ತಿಳಿಯದೆ ಚೌಕಾಸಿ ಮಾಡುವುದು ಹೇಗೆ?)

ಔಷಧಿ ಕೂಡಲೇ ಶುರುವಾಗಬೇಕಿತ್ತು. ಆದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣಗಳು ನನ್ನಲ್ಲಿ ತಳ ಕಂಡಿದ್ದವು. ಹಲ್ಲುಜ್ಜಿದರೆ ವಸಡಿನ ರಕ್ತ ನಿಲ್ಲುತ್ತಿರಲಿಲ್ಲ.

"ಅದನ್ನು ಯಾರಾದರೂ ಕೊಡಬೇಕು, ಆಮೇಲೆ ಔಷಧಿ. ನಿಮ್ಮವರು ಯಾರಿದ್ದಾರೆ?" ಎಂದರು ಡಾಕ್ಟರು.

"ಯಾರೂ ಇಲ್ಲ," ಎಂದೆ.

ಹೆಂಡತಿ ಸರೋಜ ಡಾಕ್ಟರು ಹೋಗುವವರೆಗೆ ಕಾದಳು. "ಆಸ್ಟಿನ್ನಿನ ಅರ್ಧ ಸ್ಟೂಡೆಂಟ್ಸ್ ಓಡಿಸೋ ಕಾರು ನೀವು ಕೊಡಿಸಿದ್ದು. ಒಂದು ಫೋನ್ ಮಾಡೋಕೆ ನಾಲಿಗೆ ಬರಲ್ವಾ?"

ನಿಜ. ಓದಲು ಬಂದ ನಮ್ಮವರಿಗೆ ಹಳೇ ಕಾರು ಕೊಡಿಸುವುದು ನನ್ನ ಚಟ. ಬೇರೆಯವರ ಪರವಾಗಿ ಡೀಲರ್ ಮುಂದೆ ಅರ್ಧ ದಿನ ವಾದಿಸಬಲ್ಲೆ. ನನಗಾಗಿ ಕೇಳುವುದು? ಅಭ್ಯಾಸವಿರಲಿಲ್ಲ.

ಕೊನೆಗೆ ಡಯಲ್ ತಿರುಗಿಸಿದೆ. ಎತ್ತಿಕೊಂಡವನು ಧಾರವಾಡದ ಇಕ್ಬಾಲ್. "ಯಾವ ಗ್ರೂಪ್ ಬೇಕು ಅಷ್ಟ ಹೇಳ್ರಿ ಅಂಕಲ್. ಹುಡುಕ್ಕೊಂಡ್ ಬರ್ತೀವಿ."

ಗ್ರೂಪ್ ಹೇಳಿ ಅಲ್ಲಿಗೆ ಫೋನ್ ಇಡಬೇಕಿತ್ತು. ಸಲಹೆ ಕೊಡದೆ ಇಟ್ಟರೆ ಅದು ನಾನೇ? "ರಕ್ತದ ವಿಷಯ. ಖಾಲಿ ಹೊಟ್ಟೇಲಿ ಬನ್ನಿ," ಎಂದೆ. ನಮ್ಮಲ್ಲಿ ರಕ್ತ ಪರೀಕ್ಷೆಗೆ ಹಾಗೆಯೇ ತಾನೆ ಹೋಗುವುದು?

ಹಾಗೆಯೇ ಬಂದರು. ಇಕ್ಬಾಲ್, ಮೈಸೂರಿನ ವನಜಾ, ಜೊತೆಗೆ ಇನ್ನಿಬ್ಬರು. ಆಸ್ಟಿನ್ನಿನಿಂದ ಮೂರು ಗಂಟೆ ಡ್ರೈವ್ ಮಾಡಿಕೊಂಡು, ಒಂದು ಗುಟುಕು ಕಾಫಿಯೂ ಇಲ್ಲದೆ.

"ಬೆಳಿಗ್ಗೆ ಏನು ತಿಂದಿರಿ?" ನರ್ಸ್ ಕೇಳಿದಳು.

"ಏನೂ ಇಲ್ಲ ಮೇಡಂ." ನಾಲ್ವರ ಮುಖದಲ್ಲೂ ರ್‍ಯಾಂಕ್ ಬಂದವರ ಕಳೆ.

ಆಕೆ ಪೆನ್ನು ಕೆಳಗಿಟ್ಟಳು. ಹಸಿದವರು ತಲೆ ತಿರುಗಿ ಬೀಳುತ್ತಾರೆ, ಪ್ಲೇಟ್ಲೆಟ್ ತೆಗೆಯುವ ಯಂತ್ರದ ಹತ್ತಿರವೂ ಬಿಡುವುದಿಲ್ಲ. ನಮ್ಮ ಸರದಿ ಒಂಬತ್ತಕ್ಕೆ. ತಪ್ಪಿದರೆ ಸೋಮವಾರ. ಈ ಕಾಯಿಲೆಗೆ ಭಾನುವಾರದ ರಜೆ ಇದೆಯೇ?

"ಹನ್ನೆರಡು ಗಂಟೆಗೆ ಯಾರು?" ಎಂದೆ. ಪಕ್ಕದ ಹಾಸಿಗೆಯ ಮುದುಕನಿಗೆ ಕೊಡುವ ಅವನ ತಮ್ಮ, ಎಂದಳು ನರ್ಸ್. ಆತ ಆಗಲೇ ಬಂದು ಕಾರಿಡಾರಿನಲ್ಲಿ ಡೋನಟ್ ತಿನ್ನುತ್ತಿದ್ದ. ಗಾಲಿಕುರ್ಚಿಯಲ್ಲೇ ಅವನ ಹತ್ತಿರ ಹೋದೆ. "ನೀವು ಈಗಲೇ ಮುಗಿಸಿದರೆ ಮಧ್ಯಾಹ್ನ ಮನೆಯಲ್ಲಿ ಫುಟ್‌ಬಾಲ್ ನೋಡಬಹುದು. ಹನ್ನೆರಡು ನಮಗೆ ಬಿಟ್ಟುಕೊಡಿ." ಆತ ಕೈ ಒರೆಸಿಕೊಂಡು ಎದ್ದ. ನನ್ನ ಜೀವಮಾನದ ಅತ್ಯುತ್ತಮ ವ್ಯಾಪಾರ.

ಸರೋಜ ಡಬ್ಬಿ ಬಿಚ್ಚಿದಳು. ಚಪಾತಿ, ಆಲೂಗಡ್ಡೆ ಪಲ್ಯ, ಮೊಸರನ್ನ. ಒಂದು ಸರದಿಗೆ ಒಬ್ಬರೇ ಕೊಡಬಹುದು; ತಿನ್ನುತ್ತಲೇ ಜಗಳ ಶುರು.

"ಕಾರು ನಂದು. ಮೊದಲ ನಾ ಕೊಡಾಂವ," ಎಂದ ಇಕ್ಬಾಲ್.

"ಆ ಡಬ್ಬಾನ ಕಾರು ಅಂತೀಯಾ? ಅರ್ಧ ದಾರಿ ನಾನು ಪ್ರಾರ್ಥನೆ ಮಾಡಿದ್ದಕ್ಕೆ ಬಂತು," ಎಂದಳು ವನಜಾ.

ನಮ್ಮಜ್ಜಿ ಒಂದು ಲೋಟ ನೀರು ಕೊಡುವ ಮೊದಲು "ಯಾವ ಜನ?" ಎಂದು ಕೇಳುತ್ತಿದ್ದಳು. ಅವಳ ಮೊಮ್ಮಗನಿಗೆ ಕೊಡಲು ನಾಲ್ವರು ಸಾಲು ಹಿಡಿದು ಜಗಳವಾಡುತ್ತಿದ್ದರು. ಅಂದು ನನಗಾದ ಹೆಮ್ಮೆ ಮೊದಲ ಸಂಬಳದ ದಿನವೂ ಆಗಿರಲಿಲ್ಲ.

ಗೆದ್ದವನು ಇಕ್ಬಾಲ್. ಉಳಿದವರಿಗೆ ಮುಂದಿನ ವಾರಗಳು. ಸಂಜೆ ಇಕ್ಬಾಲನ ಪ್ಲೇಟ್ಲೆಟ್ ತುಂಬಿದ ತೆಳು ಹಳದಿಯ ಚೀಲವೊಂದು ನನ್ನ ತಲೆಯ ಮೇಲೆ ತೂಗಿತು. ಊಟದ ಹೊತ್ತಿಗೆ ವಸಡು ಒಣಗಿತ್ತು. ಔಷಧಿ ಶುರುವಾಯಿತು.

ವಾಂತಿಯಾಗುತ್ತದೆ, ಕೂದಲು ಹೋಗುತ್ತದೆ ಎಂದಿದ್ದಾರೆ. ಹೋಗಲಿ. ಗುಣವಾಗುವ ಗ್ಯಾರಂಟಿ ಡಾಕ್ಟರು ಕೊಟ್ಟಿಲ್ಲ. ನಾನು ಚಿಕಿತ್ಸೆ ಬಿಡುವುದಿಲ್ಲ. ನಿಮಗೆ ಇಂಥದ್ದೇನಾದರೂ ಬಂದರೆ ಮೊದಲು ಹತ್ತು ಜನಕ್ಕೆ ಹೇಳಿ. "ಯಾರ ಹತ್ತಿರವೂ ಕೈಚಾಚಲಿಲ್ಲ" ಎಂಬ ಬಿಗುಮಾನ ಇದುವರೆಗೆ ಯಾರ ಒಂದು ಹನಿ ರಕ್ತವನ್ನಾದರೂ ನಿಲ್ಲಿಸಿದ್ದುಂಟೇ?