ಅತ್ತೆಗೆ ಕೇಳಿಸಿದ್ದು ನಿಜ

ಅತ್ತೆಗೆ ಭ್ರಮೆಯಿರಲಿಲ್ಲ. ಅವರ ಕಿವಿಗೆ ಬಿದ್ದದ್ದು ನನ್ನದೇ ಮಾತು. ಅದು ನನಗೆ ಆಗಲೇ ಗೊತ್ತಿತ್ತು — ಗೊತ್ತಿದ್ದೂ ಇಲ್ಲವೆಂದೆ.

ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುವವನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಗೇಟಿನಿಂದ ವಾಪಸ್ ಬರುವ ಆಸಾಮಿ. ಅತ್ತೆ, ಅಂದರೆ ನನ್ನ ಹೆಂಡತಿ ಸುಧಾಳ ತಾಯಿ, ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಟೀವಿ ಸರಿಯಾಗಿ ಕೇಳಿಸಲೆಂದು ನಾನೇ ಹಾಲ್‌ನ ಗೋಡೆಯಂಚಿಗೆ ಸುತ್ತಲೂ ವೈರ್ ಎಳೆದು ಆಂಪ್ಲಿಫೈಯರಿಗೆ ಸೇರಿಸಿದೆ. ಅದೊಂದು ದೊಡ್ಡ ಸುರುಳಿ. ಅವರ ಕಿವಿಯ ಮೆಷಿನ್‌ನೊಳಗೆ ಇನ್ನೊಂದು, ಅಕ್ಕಿಕಾಳಿನಷ್ಟು. ಒಂದರಲ್ಲಿ ಹರಿದ ಸದ್ದು, ಮುಟ್ಟದೆಯೇ, ಕಾಂತಕ್ಷೇತ್ರದ ಮೂಲಕ ಇನ್ನೊಂದರಲ್ಲಿ ಏಳುತ್ತದೆ. ನಮ್ಮ ಹರಟೆಯೂ ತಲುಪಲೆಂದು ಅದೇ ಆಂಪ್ಲಿಫೈಯರಿಗೆ ಒಂದು ಮೈಕ್ ಸೇರಿಸಿ ಟೀಪಾಯಿಯ ಮೇಲಿಟ್ಟೆ. ಅತ್ತೆ ಕಂಡವರ ಮುಂದೆಲ್ಲ ಅಳಿಯನನ್ನು ಹೊಗಳಿದರು, ನಾನು ಬೀಗಿದೆ.

ಒಂದು ಭಾನುವಾರ ಊಟ ಮುಗಿಸಿ ಅತ್ತೆ ಪಕ್ಕದ ಕೋಣೆಯಲ್ಲಿ ಅಡ್ಡಾಗಿದ್ದರು. ಮೆಷಿನ್ ತೆಗೆದಿರಲಿಲ್ಲ. ಸುಧಾ ಮನೆಯಲ್ಲಿರಲಿಲ್ಲ. ನಾನು ಹಾಲ್‌ನಲ್ಲಿ ಕೂತು, ನಜರ್‌ಬಾದಿನಲ್ಲಿರುವ ಬಾಮೈದನಿಗೆ ಫೋನ್ ಮಾಡಿ, ಪಿಸುದನಿಯಲ್ಲೇ —

"ಒಂದಷ್ಟು ತಿಂಗಳು ನಿಮ್ಮಮ್ಮನ್ನ ನೀನಿಟ್ಕೊಳ್ಳೋ ಮಂಜು. ನನಗೆ ಸಾಕಾಗ್ಬುಟ್ಟಿದೆ ಕಣೋ."

ಮೈಕ್ ಆರಿಸಿರಲಿಲ್ಲ. ಇಷ್ಟೆಲ್ಲ ಚಿಂತೆ ಮಾಡುವವನಿಗೆ ಆ ಒಂದು ಚಿಂತೆ ಹೊಳೆಯಲಿಲ್ಲ.

ಸಂಜೆ ಕಾಫಿ ಹೊತ್ತಿಗೆ, ಸುಧಾಳ ಎದುರಿಗೇ, ಅತ್ತೆ ಕೇಳಿದರು: "ಅಳಿಯಂದ್ರೇ, ನಾನಿಲ್ಲಿರೋದು ನಿಮಗೆ ಸಾಕಾಗಿದೆಯಂತೆ?"

ಕಾಂತಕ್ಷೇತ್ರಕ್ಕೆ ಇಟ್ಟಿಗೆ ಗೋಡೆ ಲೆಕ್ಕಕ್ಕಿಲ್ಲ ಎಂದು ವರ್ಷವರ್ಷವೂ ಪಾಠ ಮಾಡುವ ನಾನು ನಗುನಗುತ್ತಾ ಹೇಳಿದೆ: "ಯಾರಂದ್ರು ಅತ್ತೆ? ಗೋಡೆಯಾಚೆಗೆ ಆ ವೈರು ಕೆಲಸಾನೇ ಮಾಡಲ್ಲ. ನಿಮಗೆಲ್ಲೋ ಭ್ರಮೆ."

ಎಲೆಕ್ಟ್ರಿಕಲ್ ಮೇಷ್ಟ್ರ ಮಾತು. ಸುಧಾ ನಂಬಿದಳು, "ವಯಸ್ಸಾಯ್ತು ಕಣಮ್ಮ" ಎನ್ನುತ್ತಾ ಅವರನ್ನು ಡಾಕ್ಟರ ಬಳಿ ಕರೆದೊಯ್ದಳು. ಮಂಜುವಿನ ಎದುರು ಈ ಮಾತೇ ಏಳದಂತೆ ನಾನು ನೋಡಿಕೊಂಡೆ. ಆದರೆ ಅತ್ತೆ — ಅತ್ತೆಯೂ ನಂಬಿದರಲ್ಲ! ಕುಕ್ಕರ್ ಕೂಗಿದರೂ "ನಿಜವಾಗ್ಲೂ ಕೂಗ್ತಾ, ಇಲ್ಲ ನನಗೇ ಹಂಗನ್ನಿಸ್ತಾ?" ಎಂದು ಕೇಳತೊಡಗಿದರು. ಕೊನೆಗೊಂದು ದಿನ ಮೆಷಿನ್ ಬಿಚ್ಚಿ ಬೀರುವಿನಲ್ಲಿಟ್ಟರು. "ಇಲ್ಲದ್ದೆಲ್ಲ ಕೇಳ್ಸುತ್ತೆ. ಬೇಡ ಬುಡಿ."

ವರ್ಷಗಳಾದವು. ಈಗ ಯಾರ ತುಟಿ ಅಲ್ಲಾಡಿದರೂ ಅತ್ತೆ ಅತ್ತ ತಿರುಗಿ ಸುಮ್ಮನೆ ನಗುತ್ತಾರೆ. ಅಂದು ನನಗೆ ಬೇಸರವಾಗಿದ್ದು ಹೌದು. ನಾನು ಹೇಳಿದ ಸುಳ್ಳಿಗೆ ಅದು ನೆಪವಾಗದು.

ಇವತ್ತು ಅತ್ತೆಗೆ ನಿಜ ಹೇಳುತ್ತೇನೆ. ಬರಿಗಿವಿಗೆ ಪಿಸುಮಾತು ತಲುಪುವುದಿಲ್ಲ. ಗಂಟಲು ಹರಿಯುವಂತೆ ಕೂಗಬೇಕು — ಅಡುಗೆಮನೆಯಲ್ಲಿರುವ ಸುಧಾಗೆ, ಪಕ್ಕದ ಮನೆಯವರಿಗೆ, ಬೀದಿಯಲ್ಲಿ ಹೋಗುವ ಸೊಪ್ಪಿನವಳಿಗೂ ಕೇಳಿಸುವಷ್ಟು.

ಕಿಟಕಿ ಮುಚ್ಚಿ ಬರೋಣವೆಂದು ಎದ್ದೆ — ಬೇಡ. ತೆರೆದೇ ಇರಲಿ.